ಒಕಾಯಾಮಾಕ್ಕೆ ಒಂದು ತಾಲೀಮು

ಜಪಾನು ನೋಡಲು ಹೋಗುವವರು ಸಾಮಾನ್ಯವಾಗಿ ಊರಿಂದೂರಿಗೆ ಹೋಟೆಲು ಬದಲಾಯಿಸುತ್ತಾ ಹೋಗುತ್ತಾರೆ. ಇಂದಿರಾ ಹಾಗೆ ಮಾಡುವಂತಿರಲಿಲ್ಲ. ನ್ಯೂಜಿಲೆಂಡಿನ ಟೌರಂಗಾದ ವೃದ್ಧಾಶ್ರಮವೊಂದರಲ್ಲಿ ನರ್ಸ್ ಆಗಿದ್ದ ಅವಳಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು: ಮರೆವಿನ ಕಾಯಿಲೆಯವರಿಗೆ ಮಲಗುವ ಮಂಚ ಬದಲಾದರೆ ಅರ್ಧ ಲೋಕವೇ ಬದಲಾಗಿಬಿಡುತ್ತದೆ. ಅವಳ ಗಂಡ ಚಿದಾನಂದನಿಗೆ ಆ ಕಾಯಿಲೆ ಇದೆಯೆಂದು ಡಾಕ್ಟರು ಹೇಳಿ ವರ್ಷವಾಗಿತ್ತು. ಅದಕ್ಕೇ ಅವಳು ಟೋಕಿಯೊ, ಕ್ಯೋಟೊಗಳನ್ನೆಲ್ಲ ಬಿಟ್ಟು ಒಕಾಯಾಮಾ ಎಂಬ ನಡುಗಾತ್ರದ ಊರನ್ನು ಹಿಡಿದಳು. ರೈಲ್ವೆ ಸ್ಟೇಷನ್ನಿನ ಎದುರಿಗೇ ರೂಮು, ಅದರಲ್ಲೇ ಅನ್ನ ಮಾಡಿಕೊಳ್ಳಲು ಪುಟ್ಟ ಅಡುಗೆಮೂಲೆ. ಒಂದು ದಿನ ಹಿಮೇಜಿಯ ಬಿಳಿ ಕೋಟೆ, ಒಂದು ದಿನ ಕುರಾಶಿಕಿಯ ಕಾಲುವೆ ಬೀದಿ, ಇನ್ನೊಂದು ದಿನ ಸಮುದ್ರದ ಮೇಲಿನ ಸೇತುವೆ ದಾಟಿ ಆಚೆಯ ದ್ವೀಪ. ಎಲ್ಲಿಗೆ ಹೋದರೂ ಸಂಜೆಗೆ ಅದೇ ಸ್ಟೇಷನ್ನು, ಅದೇ ರೂಮು, ಅದೇ ಮಂಚ.

"ಜಗಲಿ ಮೇಲಿಂದ ಎದ್ದು ಊರು ಸುತ್ತಿ, ವಾಪಸ್ ಜಗಲಿಗೆ ಬಂದು ಕೂತ ಹಾಗೆ," ಎಂದು ಚಿದಾನಂದ ಖುಷಿಪಟ್ಟ. "ಒಳ್ಳೇ ಪ್ಲಾನು ಕಣೆ, ಇಂದು."

ಜಪಾನಿನ ಆಸೆ ಅವನಿಗೆ ಹತ್ತಿದ್ದು ಆಕ್ಲೆಂಡಿನ ಅಂಚಿನ ಪಾಪಾಕುರಾ ಸ್ಟೇಷನ್ನಿನಲ್ಲಿ. ಅವನು ಅರಸೀಕೆರೆ ಬಳಿಯ ಹಳ್ಳಿಯೊಂದರ ದರ್ಜಿಯ ಮಗ, ಆ ಮನೆಯಲ್ಲಿ ಡಿಗ್ರಿ ಮಾಡಿದವರಲ್ಲಿ ಮೊದಲಿಗ. ಓದಲು ಮೈಸೂರಿಗೆ ಹೊರಟ ದಿನ ಅವನಪ್ಪ ಜಂಕ್ಷನ್ನಿನವರೆಗೆ ಬಂದು ಹೇಳಿದ್ದು ಒಂದೇ ಮಾತು. "ಕೂತಲ್ಲೇ ಮೈಮರೀಬೇಡ ಮಗಾ. ಇಳಿಯೋ ಕಡೆ ಇಳೀಬೇಕು." ಅವನು ಮೈಮರೆಯಲಿಲ್ಲ. ಯಾವ ಪರೀಕ್ಷೆಯಲ್ಲೂ ಫೇಲಾಗಲಿಲ್ಲ. ಇಂಜಿನಿಯರಾದ, ಇಂದಿರಾಳ ಕೆಲಸದ ಬೆನ್ನು ಹಿಡಿದು ನ್ಯೂಜಿಲೆಂಡಿಗೆ ಬಂದ, ಆಕ್ಲೆಂಡಿನ ಆಫೀಸೊಂದರಲ್ಲಿ ನೀರಿನ ಕೊಳವೆಗಳ ನಕ್ಷೆ ಬರೆಯುತ್ತಾ ಕೂತ. ಬಾಡಿಗೆ ಕಡಿಮೆಯೆಂದು ಸಂಸಾರ ಅದಕ್ಕೂ ಆಚೆಯ ಪುಕೆಕೊಹೆಯಲ್ಲಿತ್ತು. ಆಗ ಪುಕೆಕೊಹೆಯಿಂದ ಪಾಪಾಕುರಾದವರೆಗೆ ಮಾತ್ರ ಡೀಸೆಲ್ ರೈಲು. ಅಲ್ಲಿ ಇಳಿದು ಪೇಟೆಗೆ ಹೋಗುವ ಕರೆಂಟು ರೈಲು ಹತ್ತಬೇಕು. ಸಂಜೆ ಅದರ ಉಲ್ಟಾ. ಚಳಿಗಾಲದ ಸಂಜೆಗಳಲ್ಲಿ ಆ ಪ್ಲಾಟ್‌ಫಾರ್ಮಿನಿಂದ ಅವನ ಫೋನು ಬರುತ್ತಿತ್ತು: "ಇಂದು, ಡೀಸೆಲ್ ಇನ್ನೂ ಬಂದಿಲ್ಲ. ಅನ್ನಕ್ಕೆ ಈಗಲೇ ಇಡಬೇಡ. ಜಪಾನಲ್ಲಿ ರೈಲು ಹೇಳಿದ ಹೊತ್ತಿಗೆ ಬಂದು ನಿಲ್ಲುತ್ತಂತೆ ಕಣೆ. ಸಾಯೋದ್ರೊಳಗೆ ಒಂದ್ಸಲ ನೋಡ್ಬೇಕು."

ಆಮೇಲೆ ಅವರು ಟೌರಂಗಾಕ್ಕೆ ಬಂದರು. ಅಲ್ಲಿ ಜನ ಹತ್ತುವ ರೈಲೇ ಇಲ್ಲ. ಜಪಾನಿನ ಮಾತು ಹಾಗೇ ಉಳಿಯಿತು.

ಈಗ ರೂಮು ಗೊತ್ತುಮಾಡಿಯಾಗಿತ್ತು. ಆದರೆ ಇಂದಿರಾಳಿಗೆ ಒಂದು ಭಯ ಬಿಡಲಿಲ್ಲ. ಪರದೇಶದ ಸ್ಟೇಷನ್ನಿನಲ್ಲಿ ತಾನು ಬಾತ್‌ರೂಮಿಗೆ ಹೋಗಿ ಬರುವಷ್ಟು ಹೊತ್ತು ಇವರು ಏನು ಮಾಡುತ್ತಾರೆ? ಜನಸಂದಣಿಯಲ್ಲಿ ಕೈ ತಪ್ಪಿದರೆ ರೂಮಿಗೆ ತಾವೇ ಬರಬಲ್ಲರೆ? ಬರಬಲ್ಲರು ಎಂದಾದರೆ ಮಾತ್ರ ಜಪಾನು. ಇಲ್ಲವಾದರೆ ಇಲ್ಲ. ಇದನ್ನು ಅವಳು ಅವನಿಗೆ ಹೇಳಲಿಲ್ಲ.

"ಮೊದಲು ಒಂದು ತಾಲೀಮು ಮಾಡೋಣ ರೀ," ಎಂದಷ್ಟೇ ಹೇಳಿ, ಪುಕೆಕೊಹೆ ಸ್ಟೇಷನ್ನಿನ ಹತ್ತಿರವೇ ಮನೆಯಿದ್ದ ಹಳೆಯ ಗೆಳತಿ ವೇದಾಳಲ್ಲಿಗೆ ಕರೆದುಕೊಂಡು ಹೋದಳು.

ವೇದಾ ಬಾಗಿಲಲ್ಲೇ ಕಾಲೆಳೆದಳು. "ಏನ್ ಭಾವ, ಜಪಾನಿಗೆ ಹೋಗೋರು ದಾರಿ ತಪ್ಪಿ ನಮ್ಮ ಈರುಳ್ಳಿ ಬೆಳೆಯೋ ಊರಿಗೆ ಬಂದ್ರಾ?"

"ಇದು ಈರುಳ್ಳಿ ಊರಲ್ಲಮ್ಮ, ಇದೇ ನಮ್ಮ ಒಕಾಯಾಮಾ," ಎಂದ ಚಿದಾನಂದ. "ನಿನ್ನ ಮನೆ ನಮ್ಮ ಹೋಟೆಲು. ಬೆಳಿಗ್ಗೆ ತಿಂಡಿ ಏನು?"

"ಹೋಟೆಲಲ್ಲಿ ಉಪ್ಪಿಟ್ಟು ಮಾತ್ರ. ಕಂಪ್ಲೇಂಟ್ ಮಾಡೋರಿಗೆ ಅದೂ ಇಲ್ಲ."

ಎರಡು ದಿನ ಇಬ್ಬರೂ ಒಟ್ಟಿಗೆ ಆಕ್ಲೆಂಡ್ ಪೇಟೆಗೆ ಹೋಗಿ ಬಂದರು. ತಾಲೀಮಿನಲ್ಲಿ ಅದೇ ಅವರ ಹಿಮೇಜಿ. ಅವನೇ ಮುಂದೆ ನಿಂತು ಗೇಟಿಗೆ ಟಿಕೆಟ್ ಕಾರ್ಡು ತಾಗಿಸಿದ, ಅವನೇ ಸೀಟು ಹಿಡಿದ. ಮೂರನೆಯ ದಿನ ಇಂದಿರಾ ತಲೆನೋವೆಂದಳು. "ನೀವೊಬ್ಬರೇ ಹಿಮೇಜಿಗೆ ಹೋಗಿ ಬನ್ನಿ. ಒಂದು ಕಾಫಿ ಕುಡಿದು ವಾಪಸ್ ಬಂದ್ಬಿಡಿ."

ಅವನು ಹೊರಟ ಕೂಡಲೇ ಅವಳು ವೇದಾಳ ಹಸಿರು ಉಣ್ಣೆ ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡು ಹಿಂದೆಯೇ ನಡೆದು, ಅದೇ ರೈಲಿನ ಕೊನೆಯ ಸೀಟಿನಲ್ಲಿ ಕೂತಳು. ಅವನು ಫೋನನ್ನು ಮನೆಯಲ್ಲೇ ಬಿಟ್ಟು ಬಂದಿದ್ದ. ಅದಕ್ಕವಳು ಅಂಕ ಕಳೆಯಲಿಲ್ಲ. ಫೋನು ಯಾರು ತಾನೆ ಮರೆಯುವುದಿಲ್ಲ?

ಈಗ ಡೀಸೆಲ್ ಹೋಗಿ ಪುಕೆಕೊಹೆಯಿಂದಲೇ ಕರೆಂಟು ರೈಲು ನೇರವಾಗಿ ಪೇಟೆಗೆ ಹೋಗುತ್ತದೆ. ಪಾಪಾಕುರಾ ಬಂದಾಗ ಚಿದಾನಂದ ಅರ್ಧ ಎದ್ದ. ಬಾಗಿಲ ಮೇಲಿನ ನಕ್ಷೆ ನೋಡಿ ಮತ್ತೆ ಕೂತ. ಇಂದಿರಾ ಹಿಡಿದಿದ್ದ ಉಸಿರು ಬಿಟ್ಟಳು. ಪೇಟೆಯಲ್ಲಿ ಅವನು ಸರಿಯಾದ ಬಾಗಿಲಿಂದಲೇ ಹೊರಗೆ ಬಂದ, ಸಾಲಿನಲ್ಲಿ ನಿಂತು ಕಾಫಿ ತೆಗೆದುಕೊಂಡ, ಜಪಾನಿ ಬೇಕರಿಯೊಂದರ ಒಳಗೆ ಹೋಗಿ ಸಣ್ಣ ಪೊಟ್ಟಣದೊಂದಿಗೆ ಬಂದ, ಯಾರನ್ನೂ ಕೇಳದೆ ಪುಕೆಕೊಹೆಯ ರೈಲು ಹತ್ತಿದ. ದೂರದಿಂದಲೇ ನೋಡುತ್ತಾ ಬಂದು ಹಿಂದೆಯೇ ರೈಲು ಹತ್ತಿದ ಅವಳಿಗೆ, ಮೊದಲು ಅವನನ್ನು ಮೈಸೂರಿನಲ್ಲಿ ನೋಡಿದ ದಿನದಷ್ಟೇ ಖುಷಿಯಾಯಿತು.

"ಭಾವನ ರಿಸಲ್ಟ್ ಏನು?" ಎಂದು ವೇದಾಳ ಮೆಸೇಜು ಬಂತು. ರೈಲು ಹೊರಡುತ್ತಿದ್ದಂತೆ ಇಂದಿರಾ ಉತ್ತರ ಕಳಿಸಿದಳು: "ಪಾಸ್."

ಪಾಪಾಕುರಾ ಬಂತು. ಚಿದಾನಂದ ಎದ್ದ. ಈ ಸಲ ಅರ್ಧ ಏಳಲಿಲ್ಲ, ನಕ್ಷೆ ನೋಡಲಿಲ್ಲ. ದಿನಾ ಮಾಡುವ ಕೆಲಸದ ಹಾಗೆ ಚೀಲ ಹೆಗಲಿಗೇರಿಸಿ, ಬಾಗಿಲು ತೆರೆಯುವ ಗುಂಡಿ ಒತ್ತಿ, ಇಳಿದುಬಿಟ್ಟ.

ಇಂದಿರಾ ಎದ್ದು ನಿಂತಳು. ಕೂಗಬಹುದಿತ್ತು. ಆದರೆ ಅವಳೊಳಗಿನ ನರ್ಸ್ ಅವಳನ್ನು ತಡೆದಳು: ಮಧ್ಯೆ ಬಾಯಿ ಹಾಕಬೇಡ, ಅವರಿಗೇ ಹೊಳೆಯುತ್ತದೆ, ತಿರುಗಿ ಹತ್ತುತ್ತಾರೆ. ಅವನು ತಿರುಗಲಿಲ್ಲ. ಬಾಗಿಲು ಮುಚ್ಚಿಕೊಂಡಿತು. ಪಾಪಾಕುರಾ ಬಿಟ್ಟರೆ ಮುಂದಿನ ನಿಲ್ದಾಣ ಪುಕೆಕೊಹೆಯೇ. ನಡುವೆ ಹೊಲ, ಹಸಿರುಮನೆ, ಉತ್ತ ಕೆಂಪು ನೆಲ. ಅಷ್ಟು ದಾರಿಯನ್ನೂ ಅವಳು ಬಾಗಿಲ ಗಾಜಿಗೆ ಹಣೆಯೊತ್ತಿ ನಿಂತೇ ಕಳೆದಳು.

ಪುಕೆಕೊಹೆಯಲ್ಲಿ ವಾಪಸ್ ರೈಲಿಗೆ ಕಾದು ಅವಳು ಪಾಪಾಕುರಾಕ್ಕೆ ಬರುವ ಹೊತ್ತಿಗೆ ಗಾಳಿ ಜೋರಾಗಿತ್ತು. ಪ್ಲಾಟ್‌ಫಾರ್ಮಿನ ತುದಿಯಲ್ಲಿ, ಹಿಂದೆ ಡೀಸೆಲ್ ನಿಲ್ಲುತ್ತಿದ್ದ ಜಾಗದಲ್ಲಿ, ಪೊಟ್ಟಣವನ್ನು ಎದೆಗವಚಿಕೊಂಡು ಚಿದಾನಂದ ನಿಂತಿದ್ದ. ಅವಳ ಕಣ್ಣೆದುರಿಗೇ ಪುಕೆಕೊಹೆಯ ರೈಲೊಂದು ಬಂದು ಬಾಗಿಲು ತೆರೆಯಿತು. ಅವನು ಅದರತ್ತ ನೋಡಲೂ ಇಲ್ಲ. ಅದು ಹೊರಟುಹೋಯಿತು.

"ನೀನ್ಯಾಕೆ ಬಂದೆ, ಇಂದು?" ಎಂದ ಅವಳನ್ನು ಕಂಡು. "ತಲೆನೋವು ಅಂದಿದ್ದೆ. ಡೀಸೆಲ್ ಇನ್ನೂ ಬಂದಿಲ್ಲ ನೋಡು. ಬರೀ ಕರೆಂಟು ಗಾಡಿಗಳೇ ಬರ್ತಿವೆ."

"ಈಗ ಡೀಸೆಲ್ ಇಲ್ಲ ರೀ. ಆ ಗಾಡೀನೇ ಪುಕೆಕೊಹೆಗೆ ಹೋಗೋದು. ಬೆಳಿಗ್ಗೆ ಅದರಲ್ಲೇ ಬಂದ್ರಲ್ಲ."

ಅವನು ಹಳಿಯನ್ನು ನೋಡಿದ. ಮೇಲಿನ ತಂತಿಯನ್ನು ನೋಡಿದ. ನಿಧಾನವಾಗಿ ಮುಖ ಬಿಳಿಚಿಕೊಂಡಿತು. ಆಮೇಲೆ ಅವಳ ತಲೆಯ ಮೇಲೆ ಕಣ್ಣು ನಿಂತಿತು.

"ಈ ಟೋಪಿ ನಾನು ನೋಡಿದೀನಿ. ಬೆಳಿಗ್ಗೆ ಕೊನೇ ಸೀಟಲ್ಲಿ. ಯಾರೋ ಅಜ್ಜಿ ಅನ್ಕೊಂಡೆ." ನಗಲು ಹೊರಟವನ ಬಾಯಿ ಅರ್ಧಕ್ಕೇ ನಿಂತಿತು. "ನೀನೇನಾ ಅದು?"

ಅವಳು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಳು.

"ಪರೀಕ್ಷೆನಾ?"

"ಹಾಗಲ್ಲ ರೀ..."

"ಮೊದಲೇ ಒಂದು ಮಾತು ಹೇಳಿದ್ರೆ ತಯಾರಿ ಮಾಡ್ಕೊಂಡು ಬರ್ತಿದ್ದೆನಲ್ಲೇ," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. "ರಾತ್ರಿ ಕೂತು ಓದ್ಕೊತಿದ್ದೆ. ನಂಗೇನು ಪರೀಕ್ಷೆ ಹೊಸದಾ?"

ಪೊಟ್ಟಣವನ್ನು ಅವಳ ಕೈಗಿಟ್ಟ. ಕೆಂಪು ಕಾಳಿನ ಹೂರಣ ತುಂಬಿದ ಬನ್ನು, ಎದೆಗೊತ್ತಿ ಹಿಡಿದು ಚಪ್ಪಟೆಯಾಗಿತ್ತು. "ಹೋಳಿಗೆ ಹೂರಣದ ಥರಾನೇ ಇರುತ್ತಂತೆ. ನಿಂಗೆ ಅಂತ ತಂದೆ."

ಮುಂದಿನ ರೈಲು ಬಂತು. ಬಾಗಿಲು ತೆರೆದರೂ ಅವನು ಕಾಲಿಡಲಿಲ್ಲ. "ಇದು ಪುಕೆಕೊಹೆಗೆ ಹೋಗುತ್ತಾ, ಇಂದು?"

"ಹೋಗುತ್ತೆ. ಬನ್ನಿ."

"ನೀನು ಹೇಳಿದ್ರೆ ಸರಿ," ಎಂದು ಅವಳ ತೋಳು ಹಿಡಿದುಕೊಂಡ. ವೇದಾಳ ಮನೆಯ ಬಾಗಿಲವರೆಗೂ ಬಿಡಲಿಲ್ಲ.

ಟೌರಂಗಾಕ್ಕೆ ಮರಳಿದ ವಾರವೇ ಇಂದಿರಾ ಒಕಾಯಾಮಾದ ರೂಮನ್ನು ರದ್ದು ಮಾಡಿದಳು. ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಮಂಚ ಬದಲಾಗಬಾರದೆಂದು ಅಷ್ಟೆಲ್ಲ ಲೆಕ್ಕ ಹಾಕಿದವಳ ಮನೆಯಲ್ಲಿ ಈಗ ಮಂಚವೊಂದೇ ಬದಲಾಗದೆ ಉಳಿದಿತ್ತು. ಮೊದಲು ಒಬ್ಬನೇ ಬೀಚಿನವರೆಗೆ ನಡೆದು ಬರುತ್ತಿದ್ದವನು ಗೇಟಿನ ಹತ್ತಿರ ನಿಂತುಬಿಡುತ್ತಿದ್ದ. ಇವತ್ತು ಯಾವ ವಾರ ಎಂದು ಅವಳು ಸುಮ್ಮನೆ ಕೇಳಿದರೂ ಗೋಡೆಯ ಕ್ಯಾಲೆಂಡರಿನತ್ತ ನೋಡಿ, ಅವಳತ್ತ ನೋಡಿ, "ಇದೂ ಪರೀಕ್ಷೆನಾ?" ಎನ್ನುತ್ತಿದ್ದ. ಅಲ್ಲ ಎಂದರೆ ನಂಬುತ್ತಿರಲಿಲ್ಲ. ಪಾಪಾಕುರಾವನ್ನು ಅವನು ಮರೆತೇಬಿಡಲಿ ಎಂದು ಅವಳು ಕಾದಳು. ಎಷ್ಟೋ ಮರೆತ, ವೇದಾಳ ಹೆಸರನ್ನೂ ಮರೆತ. ಅದೊಂದು ಮಾತ್ರ ಮರೆಯಲಿಲ್ಲ.

ವಿಮಾನ ಹತ್ತಬೇಕಿದ್ದ ದಿನ ಬೆಳಿಗ್ಗೆ ಅವಳು ಒಲೆಯ ಮುಂದೆ ನಿಂತು ಉಪ್ಪಿಟ್ಟು ಕಲಕುತ್ತಿದ್ದಳು. "ಉಪ್ಪಿನ ಡಬ್ಬಿ ಕೊಡ್ತೀರಾ?" ಎಂದಳು, ಹಿಂತಿರುಗಿ ನೋಡದೆ. ಡಬ್ಬಿ ಬರಲಿಲ್ಲ. ತಿರುಗಿದಳು. ಇಂಜಿನಿಯರ್ ಚಿದಾನಂದ ಕಪಾಟಿನ ಮುಂದೆ ಒಂದು ಕೈಯಲ್ಲಿ ಉಪ್ಪು, ಇನ್ನೊಂದರಲ್ಲಿ ಸಕ್ಕರೆ ಹಿಡಿದು, ಎರಡನ್ನೂ ಮುಂದೆ ಚಾಚಿಕೊಂಡು, ಅವಳ ಮುಖವನ್ನೇ ನೋಡುತ್ತಾ ನಿಂತಿದ್ದ.

ಅವಳು ಎರಡನ್ನೂ ತೆಗೆದುಕೊಂಡಳು.