ಬೆವರುವ ಕಲ್ಲಿನ ಪಕ್ಕದ ಜಾನಮ್ಮ

ಬೆಳಗಿನ ಐದು ಗಂಟೆಗೆ ಇನ್ನೂ ಹತ್ತು ನಿಮಿಷವಿದೆ. ಕೊಯಮತ್ತೂರಿನ ಈ ಕನ್ನಡ ನೇಕಾರರ ಬೀದಿಯಲ್ಲಿ ಬಾಗಿಲುಗಳೆಲ್ಲ ಅರ್ಧ ತೆರೆದಿವೆ, ಆದರೆ ಯಾರೂ ಹೊರಗೆ ಬಂದಿಲ್ಲ. ಮೇಲ್ತುದಿಯ ಮನೆಯಿಂದ ಜಾನಮ್ಮ ಇಳಿದು ಬರುತ್ತಾರೆ. ಎಡ ಮೊಣಕಾಲು ಮಡಚಲು ಬರುವುದಿಲ್ಲ, ಹಾಗಾಗಿ ಒಂದು ಪಕ್ಕಕ್ಕೆ ವಾಲಿಕೊಂಡೇ ನಡೆಯುತ್ತಾರೆ. ನಡುಬೀದಿಯಲ್ಲಿ, ನಲ್ಲಿಯ ಪಕ್ಕ, ಮಂಡಿಯೆತ್ತರದ ಕಪ್ಪು ಕಲ್ಲೊಂದಿದೆ. ಅದರ ನೆತ್ತಿಯ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಲ್ಲುತ್ತಾರೆ. ಆಮೇಲೆ ಸೊಂಟ ಹಿಡಿದುಕೊಂಡು ನೆಟ್ಟಗಾಗಿ, ಯಾರ ಮುಖವನ್ನೂ ನೋಡದೆ ಹೇಳುತ್ತಾರೆ: "ಹಾಕಿ."

ಅಷ್ಟೇ ಸಾಕು. ಬಾಗಿಲುಗಳು ಪೂರ್ತಿ ತೆರೆಯುತ್ತವೆ. ಗಂಡಸರು ಬಿದಿರಿನ ಕತ್ತರಿಗಾಲುಗಳನ್ನು ಹೊತ್ತು ತರುತ್ತಾರೆ. ಹೆಂಗಸರು ಗಂಜಿಯ ಮಡಕೆ ಎತ್ತುತ್ತಾರೆ. ನೋಡನೋಡುತ್ತಿದ್ದಂತೆ ಉದ್ದನೂಲಿನ ಆರು ಹಾಸುಗಳು ಬೀದಿಯ ಉದ್ದಕ್ಕೂ ಬಿಗಿದು ನಿಲ್ಲುತ್ತವೆ. ಮಗ್ಗಕ್ಕೆ ಏರಿಸುವ ಮೊದಲು ಉದ್ದನೂಲಿಗೆ ಗಂಜಿ ಕುಡಿಸಿ, ಕುಂಚದಲ್ಲಿ ತೀಡಿ, ಎಳೆಬಿಸಿಲಿನಲ್ಲಿ ಒಣಗಿಸಬೇಕು. ಹೀಗೆ ಬಿಗಿದ ನೂಲಿನ ಹಾಸನ್ನು ಇಲ್ಲಿಯವರು 'ಪಾವು' ಎನ್ನುತ್ತಾರೆ. ಒಂದು ಪಾವು ನಲವತ್ತು ಗಜ, ಮೂರು ಸಾವಿರ ಎಳೆ, ಎಂಟು ಸೀರೆ. ಒಂದು ಮನೆಯ ಒಂದು ತಿಂಗಳ ಅನ್ನ ಎಂದರೂ ಸರಿಯೇ. ಗಂಜಿ ಹಸಿಯಾಗಿರುವಾಗ ಅದರ ಮೇಲೆ ನಾಲ್ಕು ಹನಿ ಮಳೆ ಬಿದ್ದರೆ ಎಳೆಗೆ ಎಳೆ ಅಂಟಿಕೊಳ್ಳುತ್ತದೆ, ತಿಂಗಳ ಅನ್ನ ಮುದ್ದೆಯಾಗುತ್ತದೆ. ಬಿಸಿಲೇರಲಿ ಎಂದು ಕಾದರೆ ಕುಂಚ ಆಡುವ ಮೊದಲೇ ಗಂಜಿ ಒಣಗಿಬಿಡುತ್ತದೆ. ಆದ್ದರಿಂದ ಈ ಬೀದಿಯ ನಲವತ್ತೆಂಟು ಮನೆಗಳೂ ದಿನಾ ಬೆಳಗ್ಗೆ ಜಾನಮ್ಮನ ಒಂದು ಮಾತಿಗೆ ಕಾಯುತ್ತವೆ.

ನಿಜ ಹೇಳಿಬಿಡುತ್ತೇನೆ, ನಾನು ಬಂದದ್ದು ಜಾನಮ್ಮನಿಗಾಗಿ ಅಲ್ಲ. ನಡುಬೀದಿಯಲ್ಲಿ ಬುಗ್ಗೆಯೇಳುವ ಬಿಸಿನೀರು, ಬೇಸಿಗೆಯಲ್ಲೂ ತಣ್ಣನೆಯ ಗಾಳಿ ಉಗುಳುವ ಬಿಲ, ಹೀಗೆ ದೇಶ ವಿದೇಶದ ಪಟ್ಟಣಗಳ ಸೋಜಿಗಗಳನ್ನು ಕಲೆಹಾಕುವ ಹುಚ್ಚು ನಮ್ಮ ಸಂಪಾದಕರಿಗೆ ಹತ್ತಿದೆ. ಮಳೆಗೆ ಮೊದಲು ಬೆವರುವ ಕಲ್ಲೊಂದು ಕೊಯಮತ್ತೂರಿನಲ್ಲಿದೆ ಎಂದು ಯಾರೋ ಅವರ ಕಿವಿಗೆ ಹಾಕಿದರು. ಹೀಗಾಗಿ ನಾನು ಮೈಸೂರಿನಿಂದ ಬಸ್ಸು ಹತ್ತಿ, ದಿಂಬಂ ಘಾಟಿಯ ತಿರುವುಗಳನ್ನು ಇಳಿದು ಬಂದಿದ್ದೇನೆ. ಕಲ್ಲಿನ ಗುಟ್ಟನ್ನು ಇಲ್ಲಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುವ ವ್ಯಾಸರಾಯರು ಒಂದೇ ಮಾತಿನಲ್ಲಿ ಬಿಡಿಸಿದರು. "ಹಿಂದೆ ಅದು ಉಪ್ಪಿನ ಮಂಡಿಯ ಮೆಟ್ಟಿಲಾಗಿತ್ತು. ಕಲ್ಲಿನ ಸಂದುಸಂದಿಗೆ ಉಪ್ಪು ಇಳಿದಿದೆ. ಗಾಳಿಯಲ್ಲಿ ತೇವ ಏರಿದರೆ ಉಪ್ಪು ನೀರೊಡೆಯುತ್ತೆ. ಇದರಲ್ಲಿ ಪವಾಡ ಏನಿಲ್ಲ."

ಜಾನಮ್ಮನಿಗೆ ಈಗ ಐವತ್ಮೂರು. ಇಪ್ಪತ್ತೇಳು ವರ್ಷದಿಂದ ಕಲ್ಲು ಮುಟ್ಟುವ ಕೆಲಸ ಅವರದು, ಅದಕ್ಕೂ ಮೊದಲು ಅವರ ಅತ್ತೆಯದು. ಗಂಡ ಮೈಲ್‌ಸಾಮಿ ತೀರಿಕೊಂಡು ನಾಲ್ಕು ವರ್ಷವಾಯಿತು. ಹಗಲೆಲ್ಲ ಪಕ್ಕದ ಮನೆಗಳಿಗೆ ಗಂಜಿ ಕಾಯಿಸುತ್ತಾರೆ, ದಿನಕ್ಕೆ ಹದಿನೆಂಟು ಮಡಕೆ. ಫೋಟೋ ತೆಗೆಯೋಣ ಎಂದರೆ ಕೈ ಅಡ್ಡ ಹಿಡಿಯುತ್ತಾರೆ. "ಕಲ್ಲ ಫೋಟೋ ಹಿಡೀರಿ, ನನ್ದು ಯಾಕೆ ಸಾಮಿ? ನಾ ಕೈ ಇಡೋದು ದಾನ್." ಯಾವುದನ್ನಾದರೂ ಒತ್ತಿ ಹೇಳಬೇಕಾದಾಗ ತಮಿಳಿನ ಈ 'ದಾನ್' ಇಲ್ಲಿಯವರ ಕನ್ನಡದ ಹಿಂದೆ ಬಂದು ನಿಲ್ಲುತ್ತದೆ. ಮೊದಲ ದಿನ ನಾನು ಅವರ ಮಾತನ್ನೇ ನಂಬಿದೆ. ಕಲ್ಲಿನ ಉದ್ದಗಲ ಅಳೆದು ಬರೆದುಕೊಂಡೆ.

ಎರಡನೆಯ ದಿನ ಅವರಿಗಿಂತ ಮೊದಲೇ ಹೋಗಿ ನಾನೇ ಕಲ್ಲು ಮುಟ್ಟಿ ನೋಡುತ್ತೇನೆ. ಒಂದು ಹನಿಯೂ ಇಲ್ಲ, ಅಂಗೈಗೆ ಬರೀ ಎಣ್ಣೆ ಜಿಡ್ಡು ಅಂಟುತ್ತದೆ. ಆಕಾಶದಲ್ಲಿ ನಕ್ಷತ್ರಗಳಿವೆ. ಜಾನಮ್ಮ ಬರುತ್ತಾರೆ, ಅದೇ ಕಲ್ಲಿನ ಮೇಲೆ ಕೈ ಇಡುತ್ತಾರೆ, "ಬೇಡ" ಎನ್ನುತ್ತಾರೆ. ಬಾಗಿಲುಗಳು ಮುಚ್ಚಿಕೊಳ್ಳುತ್ತವೆ. ಏಳು ಗಂಟೆಗೆ ಪಾಲಕ್ಕಾಡಿನ ಕಡೆಯಿಂದ ಗಾಳಿಯೆದ್ದು, ಜಿನುಗು ಮಳೆ ಬಂದು ಬೀದಿ ಒದ್ದೆಯಾಗುತ್ತದೆ. ಬೀದಿಯ ಹಿರಿಯ ಬೆಳ್ಳಿಯಪ್ಪ ಜಗಲಿಯ ಮೇಲೆ ಕೂತು ನನ್ನತ್ತ ಬೀಗುತ್ತಾರೆ. "ನೋಡಿದ್ರಾ ನಮ್ಮ ಕಲ್ಲು? ಅಪ್ಪನ ಕಾಲದಿಂದ ಒಂದು ಸುಳ್ಳು ಹೇಳಿಲ್ಲ. ಒಂದೇ ಒಂದು ಸಲ ತಪ್ಪಾಯ್ತು. ಅದು ಕಲ್ಲ ತಪ್ಪಿಲ್ಲ, ಆ ಅಮ್ಮ ಸರಿಯಾಗಿ ಮುಟ್ಟಿಲ್ಲ."

ನಾನು ನೇರವಾಗಿ ಜಾನಮ್ಮನ ಒಲೆಯ ಮುಂದೆ ಹೋಗಿ ಕೂರುತ್ತೇನೆ. "ಕಲ್ಲು ಒಣಗಿತ್ತಲ್ಲಮ್ಮ?"

ಅವರು ಗಂಜಿ ತಿರುವುವುದನ್ನು ನಿಲ್ಲಿಸುತ್ತಾರೆ. ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬರುತ್ತಾರೆ. "ನೀವು ಮುಟ್ಟಿದ್ರಾ?" ಎಂದು ಕೇಳುತ್ತಾರೆ. ಆಮೇಲೆ ಹೇಳುತ್ತಾರೆ: "ಕಲ್ಲು ಸತ್ತು ಆರು ವರ್ಷ ಆಯ್ತು ಸಾಮಿ."

ನಡೆದದ್ದು ಇಷ್ಟು. ಸಾವಿರದ ಒಂಬೈನೂರ ಐವತ್ತೊಂದರಲ್ಲಿ ತಮಿಳು ವಾರಪತ್ರಿಕೆಯೊಂದು ಈ ಕಲ್ಲಿನ ಬಗ್ಗೆ ಬರೆಯಿತು. ಜನ ಸಾಲುಗಟ್ಟಿ ಬಂದರು. ಕುಂಕುಮ ಬಳಿದರು, ದೀಪ ಹಚ್ಚಿದರು, ಕೊಡಗಟ್ಟಲೆ ಎಣ್ಣೆ ಸುರಿದರು. ಎಣ್ಣೆ ಕುಡಿದ ಕಲ್ಲು ಬೆವರುವುದನ್ನು ಬಿಟ್ಟಿತು. ಆ ದೀಪಾವಳಿಗೆ ಮೊದಲಿನ ಒಂದು ಬೆಳಗ್ಗೆ ಕಲ್ಲು ಒಣಗಿದ್ದುದನ್ನು ನಂಬಿ ಜಾನಮ್ಮ "ಹಾಕಿ" ಎಂದರು. ಹನ್ನೊಂದು ಪಾವು ಬೀದಿಗೆ ಬಂತು. ಮಳೆ ಬಿದ್ದಾಗ ಉಳಿದದ್ದು ಎರಡು. ಹೋದ ಒಂಬತ್ತರಲ್ಲಿ ಒಂದು ಮೈಲ್‌ಸಾಮಿಯದು.

"ನಮ್ಮ ಮನೆಯವರೂ ನನ್ನೇ ಬೈದ್ರು. ಕಲ್ಲ ಯಾರು ಬೈತಾರೆ? ಅದು ಸಾಮಿ ಆಗೋಗಿತ್ತು. ಮೂರು ತಿಂಗಳು ಯಾರೂ ಗಂಜಿ ಕೆಲಸ ಕೊಡ್ಲಿಲ್ಲ. ಆಮೇಲೆ ಬೇರೆ ಯಾರೂ ಕೈ ಇಡಾಕೆ ಮುಂದೆ ಬರ್ಲಿಲ್ಲ, ಭಯ. ತಿರುಗಿ ನನ್ನೇ ಕರೆದ್ರು."

ಅಂದಿನಿಂದ ಅವರು ಬೇರೆ ದಾರಿ ಹಿಡಿದಿದ್ದಾರೆ. ಮಲಗುವಾಗ ಗಂಜಿ ಕಾಣದ ಹಸಿನೂಲಿನ ಒಂದು ಲಡಿಯನ್ನು ಕೊರಳಿಗೆ ಹಾಕಿಕೊಳ್ಳುತ್ತಾರೆ. ಎಚ್ಚರವಾದಾಗಲೆಲ್ಲ ಅದನ್ನು ಬೆರಳಲ್ಲಿ ಹೊಸೆದು ನೋಡುತ್ತಾರೆ. ನೂಲು ತೇವ ಹೀರಿ ಮೆತ್ತಗಾಗಿದೆಯೇ, ಪಶ್ಚಿಮದ ಗಾಳಿ ನಿಂತಿದೆಯೇ, ಹಿತ್ತಲ ಬೇವಿನಲ್ಲಿ ಇರುವೆ ಎತ್ತ ಹೋಗುತ್ತಿದೆ, ಇಷ್ಟನ್ನೂ ಗಮನಿಸಿ, ನಾಲ್ಕು ಗಂಟೆಗೆಲ್ಲ ಮನಸ್ಸಿನಲ್ಲಿ ಒಂದು ಮಾತು ಗಟ್ಟಿ ಮಾಡಿಕೊಳ್ಳುತ್ತಾರೆ. ಐದಕ್ಕೆ ಬಂದು ಕಲ್ಲಿನ ಮೇಲೆ ಕೈ ಇಡುವುದು ಬರೀ ನೋಡುವವರಿಗಾಗಿ. ಆರು ವರ್ಷದಲ್ಲಿ ಒಂದು ಪಾವೂ ಹೋಗಿಲ್ಲ.

"ಬೀದಿಗೆ ಹೇಳಿಬಿಡಬಾರದೇ?" ಎಂದು ಕೇಳುತ್ತೇನೆ.

"ಹೇಳಿದ್ರೆ ಯಾರು ಪಾವು ಹಾಕ್ತಾರೆ? ಕಲ್ಲ ಮಾತು ಅಂದ್ರೆ ನಲವತ್ತೆಂಟು ಮನೇನೂ ಒಟ್ಟಿಗೆ ಏಳುತ್ತೆ. ನನ್ನ ಮಾತು ಅಂದ್ರೆ ಒಬ್ಬ ಹೂಂ ಅಂತಾನೆ, ಒಬ್ಬ ಬೇಡ ಅಂತಾನೆ, ಜಗಳ ಮುಗಿಯೋದ್ರೊಳಗೆ ಬಿಸಿಲು ಬಂದ್ಬಿಡುತ್ತೆ. ಒಂದು ಕಡೆ ಹಿಡಿಯೋರು ಇಲ್ಲದೆ ಪಾವು ನಿಲ್ಲುತ್ತಾ?"

ಅವರ ಕಣ್ಣು ಕೆಂಪಗಿದೆ. ಹೊಗೆಯಿಂದ ಎಂದು ನಾನು ಅಂದುಕೊಂಡಿದ್ದೆ. ಅದು ನಿದ್ದೆಗೆಟ್ಟ ಕೆಂಪು. ಸರಿ ಹೋದ ದಿನ ಹೊಗಳಿಕೆಯೆಲ್ಲ ಕಲ್ಲಿಗೆ, ತಪ್ಪಿದ ದಿನ ಬೈಗುಳವೆಲ್ಲ ಇವರಿಗೆ. ಕೇಳುತ್ತಾ ಕೂತ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಹಿಂದಿನ ದಿನ ಇಂಚುಪಟ್ಟಿ ಹಿಡಿದು ಕಲ್ಲು ಅಳೆದದ್ದು ನೆನೆದು ನಾಚಿಕೆಯೂ ಆಗುತ್ತದೆ.

ನಿಮ್ಮ ಆಸೆ ಏನಮ್ಮ ಎಂದರೆ ತಡಮಾಡದೆ ಹೇಳುತ್ತಾರೆ. "ತೂಕ್ಕ, ನಿದ್ದೆ. ಒಂದು ದಿನ ಬಿಸಿಲು ಮೊಕಕ್ಕೆ ಬೀಳೋವರೆಗೆ ನಿದ್ದೆ ಮಾಡ್ಬೇಕು. ಹಬ್ಬದ ದಿನಾನೂ ಆಗಲ್ಲ, ಈ ಮೈ, ಒಡಂಬು, ತಾನಾಗಿ ಎದ್ದುಬಿಡುತ್ತೆ."

ಈಗ ನನ್ನ ಪೆನ್ನಿನದೇ ತೊಡಕು. ಒಂದು ಪತ್ರಿಕೆ ಬರೆದು ಈ ಕಲ್ಲನ್ನು ಕೊಂದಿದೆ. ಇನ್ನೊಂದು ಪತ್ರಿಕೆ ಬರೆದು ಜಾನಮ್ಮನ ಮಾತನ್ನು ಕೊಲ್ಲಬಾರದು. ಬಸ್ಸಿಗೆ ಹೊರಟ ಮೂರನೆಯ ಬೆಳಗ್ಗೆ ಅವರ ಬಾಗಿಲಲ್ಲಿ ನಿಂತು, ಏನೂ ಬರೆಯುವುದಿಲ್ಲ ಎಂದು ಮಾತು ಕೊಡುತ್ತೇನೆ. ಅವರು ಗಂಜಿಯ ಕೋಲು ಹಿಡಿದೇ ಯೋಚಿಸುತ್ತಾರೆ.

"ನಿಮ್ಮ ಪೇಪರು ಕನ್ನಡದ್ದಾ?"

"ಹೌದು."

"ನಮ್ಮ ಬೀದೀಲಿ ಎಲ್ಲಾರೂ ಕನ್ನಡ ಮಾತಾಡ್ತಾರೆ. ಆ ಅಕ್ಷರ ಒಬ್ಬರಿಗೂ ಬರಲ್ಲ. ಬೆಳ್ಳಿಯಪ್ಪಂಗೂ ಬರಲ್ಲ." ಅವರ ಮುಖದಲ್ಲಿ ಮೂರು ದಿನದಲ್ಲಿ ಮೊದಲ ಸಲ ನಗು ಕಾಣುತ್ತದೆ. "ಬರೀರಿ ಹಂಗಾದ್ರೆ. ಬೀದಿ ಪೇರು ಬೇಡ. ನನ್ನ ಪೇರು ಹಾಕಿ."

ವ್ಯಾಸರಾಯರೊಬ್ಬರಿಗೆ ಓದಲು ಬರುತ್ತದೆ. ಯಾರಿಗೂ ಹೇಳುವುದಿಲ್ಲ ಎಂದು ಅವರಿಂದ ಮಾತು ತೆಗೆದುಕೊಂಡಿದ್ದೇನೆ. ಕಲ್ಲಿನ ಚಿತ್ರವನ್ನು ಈ ಪುಟಕ್ಕೆ ಕೊಟ್ಟಿಲ್ಲ, ಸಂಪಾದಕರು ಕ್ಷಮಿಸಲಿ.

"ಹೆಸರಿನ ಜೊತೆಗೆ ಏನಂತ ಬರೆಯಲಿ?" ಎಂದು ಕೇಳಿದ್ದೆ. ಜಾನಮ್ಮ ಕೊರಳಿನ ನೂಲಿನ ಲಡಿ ತೆಗೆದು ಗೂಟಕ್ಕೆ ಹಾಕಿದರು, ಸೆರಗಿನಿಂದ ಮುಖ ಒರೆಸಿಕೊಂಡರು.

"ಆರು ವರ್ಷ ಬೀದಿಗೆ ಮಳೆ ಹೇಳಿದ್ದು ಕಲ್ಲಲ್ಲ ಅಂತ ಬರೀರಿ. ಜಾನಮ್ಮ ದಾನ್."