ಜಂಪ್ ಲೇಟು
ಒಬ್ಬಿಬ್ಬರೇ ಕೂತು ಮಾಡಿದ ಹಳೇ ಶೈಲಿಯ ವಿಡಿಯೋ ಗೇಮ್ ಯಾವುದೇ ಬರಲಿ, ಅದರಲ್ಲೊಂದು ಪುಟಾಣಿ ಗೊಂಬೆ ಹೊಂಡ ಹಾರುತ್ತಿದ್ದರೆ ಸಾಕು, ಅನ್ನಪೂರ್ಣೇಶ್ವರಿ ನಗರದ ಪಂಚಾಕ್ಷರಿ ಬಿಡುವವರಲ್ಲ. ಆಡಿ ಮುಗಿಸುವ ಮೊದಲೇ ತೀರ್ಪು ಸಿದ್ಧ. ಕಪ್ಪೆಯ ಆಟಕ್ಕೆ ಸಂಗೀತ ಚೆನ್ನ, ನರಿಯ ಆಟಕ್ಕೆ ಬಣ್ಣ ಚೆನ್ನ, "ಆದ್ರೆ ಗುರು, ಬಟನ್ ಒತ್ತಿದ್ಮೇಲೆ ಜಂಪ್ ಲೇಟು. ಈಗಿನೋರಿಗೆ ಗೇಮ್ ಮಾಡಕ್ಕೇ ಬರಲ್ಲ!" ಈ ವರ್ಷ ಆಡಿದ ಹನ್ನೊಂದು ಆಟಗಳಿಗೂ ಅದೇ ದೂರು. ಟಿವಿ ಬದಲಾಯಿಸಿದರು, ಕಂಟ್ರೋಲರ್ ಬದಲಾಯಿಸಿದರು. ಗೊಂಬೆ ಹೊಂಡಕ್ಕೆ ಬೀಳುವುದು ನಿಲ್ಲಲಿಲ್ಲ. ಅವರಪ್ಪನಿಗೂ ಇದೇ ವಯಸ್ಸಿನಲ್ಲಿ ಅಂಗಿಯ ಗುಂಡಿ ಹಾಕಲು ಬೆರಳು ತಡವರಿಸತೊಡಗಿತ್ತು. ಮರುವರ್ಷ ಕಾಫಿ ಲೋಟ ಹಿಡಿದ ಕೈಯೇ ನಡುಗುತ್ತಿತ್ತು. "ಒಂದ್ಸಲ ನಂಗೆ ಕೊಡಪ್ಪಾ, ನೋಡ್ತೀನಿ" ಎಂದು ಮಗಳು ಶಿವರಂಜನಿ ಕೈಚಾಚಿದರೆ ಮಾತ್ರ ಕಂಟ್ರೋಲರ್ ಕೊಡುವುದಿಲ್ಲ. ಅವಳ ಕೈಯಲ್ಲಿ ಗೊಂಬೆ ಸರಿಯಾಗಿ ಹಾರಿಬಿಟ್ಟರೆ?