ಕಂದೀಲು ಇಳಿಸಿ ನೂರು ಎಣಿಸುವ ಬೀರಲಿಂಗಪ್ಪ

ಬೆಳಗಿನ ಆರು ಗಂಟೆ. ಮಲ್ಲಸಮುದ್ರದ ಹೊಲವೊಂದರ ಬಾವಿಕಟ್ಟೆಯ ಮೇಲೆ ಬೀರಲಿಂಗಪ್ಪ ಕುಳಿತಿದ್ದಾರೆ. ಗಡಗಡಿಗೆ ಹಗ್ಗ ಏರಿಸಿಯಾಗಿದೆ. ಸನಿಕೆ, ಬುಟ್ಟಿ ಪಕ್ಕದಲ್ಲಿವೆ. ಕಂದೀಲು ಮಾತ್ರ ಇನ್ನೂ ಚೀಲದಲ್ಲೇ ಇದೆ. ಆಚೆ ಬೇವಿನ ಬುಡದಲ್ಲಿ ಕುಳಿತ ಅವರ ಹೆಂಡತಿ ನೀಲಗಂಗವ್ವ ಆ ಚೀಲದ ಮೇಲಿಂದ ಕಣ್ಣು ಕೀಳುತ್ತಿಲ್ಲ. ಗಂಡ ಕೆಲಸ ಮಾಡುವ ಜಾಗಕ್ಕೆ ಅವರು ಬಂದದ್ದು ಇದೇ ಮೊದಲು.

“ಇವತ್ತ ಕಂದೀಲ ಇಳಸ್ತಾರೋ ಇಲ್ಲೋ ನೋಡಾಕ ಬಂದೀನ್ರೀ ಅಕ್ಕಾರ,” ಎಂದು ವರದಿಗೆಂದು ಬಂದು ಪಕ್ಕದಲ್ಲಿ ಕುಳಿತ ನನ್ನ ಕಿವಿಯಲ್ಲಿ ಹೇಳುತ್ತಾರೆ. “ನಿನ್ನೆ ಆ ಸಿನಿಮಾ ನೋಡಿಬಿಟ್ಟಾರ. ಆಗಿಂದ ನನಗ ಎದಿ ಡವಡವ ಅನ್ನಾಕ ಹತ್ತೈತಿ.”

ಬೆಟಗೇರಿಯ ಬೀರಲಿಂಗಪ್ಪ ಬಾವಿಯ ಹೂಳು ತೆಗೆಯುವವರು. ವಯಸ್ಸು ಐವತ್ತೊಂದು. ಬೋರುಗಳು ಕೈಕೊಟ್ಟಂತೆ ಹಳೆಯ ಬಾವಿಗಳು ಮತ್ತೆ ನೆನಪಾಗುತ್ತಿವೆ, ಜೊತೆಗೆ ಅವರೂ. ಶಿವರಾತ್ರಿಯಿಂದ ಮಳೆ ಹಿಡಿಯುವವರೆಗೆ ಹೆಚ್ಚುಕಡಿಮೆ ನಲವತ್ತು ಬಾವಿ, ದಿನಕ್ಕೆ ನೂರೈವತ್ತು ಬುಟ್ಟಿ ಹೂಳು. ಇಳಿದದ್ದರಲ್ಲಿ ಎಲ್ಲಕ್ಕಿಂತ ಆಳದ್ದು ಮುಂಡರಗಿ ಹಾದಿಯ ಎಪ್ಪತ್ತು ಅಡಿಯ ಬಾವಿ. ಕಾಲಿನ ಎರಡು ಉಗುರು ಉದುರಿ ಹೋಗಿವೆ, ಮತ್ತೆ ಬಂದಿಲ್ಲ. ಚಳಿಗಾಲದಲ್ಲಿ ಕೆಮ್ಮು ಬಿಡುವುದಿಲ್ಲ. ಆದರೆ ಒಂದು ಸಲವೂ ಅವರನ್ನು ಹೊತ್ತು ಮೇಲೆ ತರಬೇಕಾಗಿ ಬಂದಿಲ್ಲ.

ಅದಕ್ಕೆ ಕಾರಣ ಒಂದು ಸಿನಿಮಾ. ಬೀರಲಿಂಗಪ್ಪನಿಗೆ ಆಗ ಏಳು ವರ್ಷ. ಗಣಪತಿ ಕೂಡಿಸಿದ ಕಟ್ಟೆಯ ಮುಂದೆ ಬಾಡಿಗೆಯ ಟಿವಿ ಇಟ್ಟು ಯಾವುದೋ ಹಿಂದಿ ಸಿನಿಮಾ ಹಾಕಿದ್ದರು. ಹಾಳುಬಾವಿ. ಯಾರೋ ಒಬ್ಬ ಕಂದೀಲು ಇಳಿಸುತ್ತಾನೆ. ದೀಪ ಫಕ್ಕನೆ ಆರುತ್ತದೆ. ಕತ್ತಲೊಳಗಿಂದ ಕೂದಲು ತುಂಬಿದ ಕೈಯೊಂದು ಮೇಲೆ ಬರುತ್ತದೆ. ಮುಂದೇನಾಯಿತೋ ಗೊತ್ತಿಲ್ಲ, ಅಷ್ಟರಲ್ಲಿ ಊರಿನ ಕರೆಂಟೇ ಹೋಯಿತು. ಚೀರಾಡುತ್ತ ಓಡಿದ ಹುಡುಗ ಅವ್ವನ ಕೌದಿಯೊಳಗೆ ಸೇರಿ ನೂರರವರೆಗೆ ಎಣಿಸಿದ.

“ಶಾಲ್ಯಾಗ ಅಷ್ಟ ಕಲಿಸಿದ್ದರ್ರಿ ಆಗ,” ಎಂದು ಬೀರಲಿಂಗಪ್ಪ ನಗುತ್ತಾರೆ.

ಹೊಟ್ಟೆಪಾಡಿಗೆ ಬಾವಿಯನ್ನೇ ಇಳಿಯಬೇಕಾದಾಗ ಕೈ ತಾನಾಗಿ ಕಂದೀಲು ಹುಡುಕಿತು. ಇಳಿಸುವುದು, ನೂರು ಎಣಿಸುವುದು, ದೀಪ ಉರಿಯುತ್ತಿದ್ದರೆ ಮಾತ್ರ ಕಾಲಿಡುವುದು. ಒಮ್ಮೆ ಶಿರಹಟ್ಟಿ ಕಡೆಯ ಬಾವಿಯೊಂದರಲ್ಲಿ ಎಪ್ಪತ್ತು ಎಣಿಸುವಷ್ಟರಲ್ಲೇ ದೀಪ ಆರಿತು. ಇವರು ಇಳಿಯಲಿಲ್ಲ. “ಮೀಸಿ ಬ್ಯಾರೆ ಬಿಟ್ಟೀಯಲ್ಲೋ, ದೆವ್ವಕ್ಕ ಅಂಜತೀ?” ಎಂದು ಹೊಲದ ಮಾಲೀಕ ಹಂಗಿಸಿದ. ಬೀರಲಿಂಗಪ್ಪ ಬುಟ್ಟಿಯಲ್ಲಿ ಕೋಳಿಯೊಂದನ್ನು ಕಟ್ಟಿ ಇಳಿಸಿದರು. ಮೇಲೆಳೆದಾಗ ಅದರ ಕತ್ತು ಜೋತುಬಿದ್ದಿತ್ತು.

ಅದು ದೆವ್ವವಲ್ಲ, ತಳದಲ್ಲಿ ನಿಂತ ಕೆಟ್ಟ ಗಾಳಿ ಎಂದು ಆಮೇಲೆ ಶಾಲೆಯ ಮಾಸ್ತರೊಬ್ಬರು ತಿಳಿಸಿ ಹೇಳಿದರಂತೆ. “ತಲಿಗೆ ಗೊತ್ತಾತ್ರಿ. ಕಾಲಿಗೆ ಇನ್ನೂ ಗೊತ್ತಾಗವಲ್ದು,” ಎನ್ನುತ್ತಾರೆ ಬೀರಲಿಂಗಪ್ಪ.

ನೀಲಗಂಗವ್ವನ ಜೀವ ನಿಂತಿರುವುದು ಆ ಕಾಲಿನ ಮೇಲೆಯೇ. “ಕೆಟ್ಟ ಗಾಳಿ ಎಲ್ಲಾರಿಗೂ ಗೊತ್ತೈತ್ರಿ. ಗೊತ್ತಿದ್ದೂ ಇಳೀತಾರ. ಇವರು ಅಂಜತಾರ, ಅದಕ್ಕ ಸಂಜಿಕ ಮನಿಗೆ ಬರ್ತಾರ.”

ಇವರ ಮಗಳು ಭಾಗ್ಯಾ ನಾಗಾವಿಯಲ್ಲಿ ಓದುತ್ತಾಳೆ. ಹೆಸರು ಗೊತ್ತಿಲ್ಲದ ಆ ಸಿನಿಮಾವನ್ನು ಬಾವಿ, ಕಂದೀಲು, ಕೂದಲ ಕೈ ಎಂದು ಹುಡುಕಿ ಹುಡುಕಿ ಮೊಬೈಲಿನಲ್ಲಿ ಹಿಡಿದವಳು ಅವಳೇ. ಅಪ್ಪನ ವಯಸ್ಸಿನ ಎಷ್ಟೋ ಮಂದಿ ಅದನ್ನು ಮರೆಯಲಾರದೆ ಇನ್ನೂ ಹುಡುಕುತ್ತಿದ್ದಾರಂತೆ. ಬೀರಲಿಂಗಪ್ಪ ಮೂರು ವಾರ ಏನೇನೋ ನೆವ ಹೇಳಿ ಮುಂದೂಡಿದರು. ನಿನ್ನೆ ಭಾನುವಾರ ಊಟವಾದ ಮೇಲೆ ಗೋಡೆಗೆ ಬೆನ್ನು ಕೊಟ್ಟು ಕುಳಿತರು. ಅವರ ನೆನಪಿನ ಬಾವಿ ಬಂತು, ಕಂದೀಲು ಇಳಿಯಿತು. ಆದರೆ ದೀಪ ಆರಲಿಲ್ಲ! ಅಂದು ಆರಿದ್ದು ಊರಿನ ಕರೆಂಟು ಮಾತ್ರ, ನೆನಪು ಅದನ್ನು ಕಂದೀಲಿಗೆ ಅಂಟಿಸಿತ್ತು. ಉರಿಯುವ ದೀಪದ ಪಕ್ಕದಲ್ಲೇ ಭೂತ ಮೇಲೆದ್ದು ಬಂತು. ಮೈತುಂಬ ಕರಿ ಕೂದಲು, ಬೆನ್ನಿನ ಮೇಲೆ ಉದ್ದಕ್ಕೆ ಹೊಲಿಗೆ.

ಭಾಗ್ಯಾ ಬಿದ್ದು ಬಿದ್ದು ನಕ್ಕಳು. ಅಪ್ಪನೂ ನಕ್ಕರು. ಆಮೇಲೆ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು, “ಒಳಗಿದ್ದಾವ ಉಸರ ಹ್ಯಾಂಗ ಆಡತಿದ್ದನವಾ? ತೂತ ಕಾಣವಲ್ದು,” ಎಂದರು. ವೇಷದೊಳಗಿದ್ದ ಆ ಮನುಷ್ಯನ ಹೆಸರಿಗಾಗಿ ಸಿನಿಮಾ ಪೂರ್ತಿ ಮುಗಿಯುವವರೆಗೆ ಕಾದರು. ಹೆಸರು ಎಲ್ಲಿಯೂ ಬರಲಿಲ್ಲ.

ಭೂತವನ್ನು ಕಂಡು ಗಂಡ ಮರುಗಿದರಲ್ಲ, ನೀಲಗಂಗವ್ವನಿಗೆ ದಿಗಿಲಾದದ್ದೇ ಆಗ. ಅಂಜಿಕೆ ಹೋಯಿತು, ಇನ್ನು ಇವರು ಹಾಗೇ ಇಳಿದುಬಿಡುತ್ತಾರೆ ಎಂದು.

ಈಗ ಬಿಸಿಲು ಕಟ್ಟೆಗೆ ಬಂದಿದೆ. ಹಗ್ಗ ಹಿಡಿದ ಫಕೀರೇಶ ನೀಲಗಂಗವ್ವನ ತಮ್ಮ. ಅವನಿಗೆ ಎಲ್ಲವೂ ಗೊತ್ತಾಗಿದೆ. “ಮಾವಾ, ನಿನ್ನ ದೆವ್ವದ ಅಂಗಿ ಹೊಲಿದ ಟೇಲರನ ನೋಡಿದ್ಯಂತ? ಇನ್ಯಾಕ ಕಂದೀಲ, ಚಿಮಣಿ ಎಣ್ಣಿನರ ಉಳೀತೈತಿ. ಇಳಿ, ಜಲ್ದಿ ಆಗ್ಲಿ.”

ಬೀರಲಿಂಗಪ್ಪ ಏಳುತ್ತಾರೆ. ಬಾವಿಯೊಳಗೆ ಬಗ್ಗಿ ನೋಡುತ್ತಾರೆ. ಹಗ್ಗದ ತುದಿ ಕೈಗೆ ತೆಗೆದುಕೊಳ್ಳುತ್ತಾರೆ. ನೀಲಗಂಗವ್ವ ನನ್ನ ಮೊಣಕೈ ಗಟ್ಟಿಯಾಗಿ ಹಿಡಿಯುತ್ತಾರೆ. ಬೀರಲಿಂಗಪ್ಪ ಚೀಲಕ್ಕೆ ಕೈ ಹಾಕಿ ಕಂದೀಲು ತೆಗೆಯುತ್ತಾರೆ, ಗಾಜು ಒರೆಸುತ್ತಾರೆ, ಕಡ್ಡಿ ಗೀರುತ್ತಾರೆ.

ದೀಪ ಕೆಳಗೆ ಸಣ್ಣದಾಗುತ್ತ ಹೋಗುತ್ತದೆ. ಬೀರಲಿಂಗಪ್ಪನವರ ತುಟಿಗಳು ಅಲ್ಲಾಡುತ್ತಿವೆ. ತೊಂಬತ್ತೆಂಟು, ತೊಂಬತ್ತೊಂಬತ್ತು. “ನೂರಾತು, ಮಾವಾ,” ಎನ್ನುತ್ತಾನೆ ಫಕೀರೇಶ. ಬೀರಲಿಂಗಪ್ಪ ನಿಲ್ಲಿಸುವುದಿಲ್ಲ. ನೂರಾ ಒಂದು, ನೂರಾ ಎರಡು. ಇನ್ನೂರು ಆಗುವವರೆಗೆ ಬಿಡುವುದಿಲ್ಲ. ತಳದಲ್ಲಿ ದೀಪ ಇನ್ನೂ ಉರಿಯುತ್ತಿದೆ.

ಇಷ್ಟು ದಿನ ಸಾಲುತ್ತಿದ್ದ ನೂರು ಇವತ್ತೇಕೆ ಸಾಲಲಿಲ್ಲ ಎಂದು ಕೇಳುತ್ತೇನೆ.

“ಸಿನಿಮಾದಾಗ ದೀಪ ಆರಲಿಲ್ಲಲ್ರೀ ಅಕ್ಕಾರ,” ಎನ್ನುತ್ತಾರೆ ಸೊಂಟಕ್ಕೆ ಹಗ್ಗ ಬಿಗಿಯುತ್ತ. “ಆದ್ರೂ ಅದು ಬಂತು.”

ನೀಲಗಂಗವ್ವ ಸೀರೆಗೆ ಹತ್ತಿದ ಮಣ್ಣು ಕೊಡವಿ, ರೊಟ್ಟಿ ಬಡಿಯಲು ಮನೆಯ ಹಾದಿ ಹಿಡಿಯುತ್ತಾರೆ.